ನಾಕ್ಸೋಸ್‌ಗೆ ಹೊರಟ ಪುಟ್ಟಿಗೆ

ಚಿ. ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು.

ವೀಸಾ ಕೈಗೆ ಬಂತು ಅಂತ ನಿಮ್ಮಮ್ಮ ಫೋನ್ ಮಾಡಿದ್ದಳು. ನೀನು ವಾಟ್ಸ್ಯಾಪಿನಲ್ಲಿ ಕಳಿಸಿದ ಪಟ್ಟಿಯನ್ನೂ ನೋಡಿದೆ. ನೀನೂ ನಿನ್ನ ಗೆಳತಿಯೂ ಒಂಬತ್ತು ದಿನಕ್ಕೆ ಗ್ರೀಸಿನ ಮಿಕೊನೋಸ್, ಪಾರೋಸ್, ನಾಕ್ಸೋಸ್, ಸ್ಯಾಂಟೋರಿನಿ. ಮೇಲ್ಗಡೆ ನೀನೇ ‘ಆರಾಮಾಗಿ ಇದ್ದು ಬರೋಕೆ’ ಅಂತ ಬರೆದಿದ್ದೀಯ. ನಾಲ್ಕು ದ್ವೀಪ ಸುತ್ತುತ್ತಾ ಆರಾಮ ಎಲ್ಲಿಂದ ಬರಬೇಕು ಮಗಳೇ? ಮೂರನ್ನು ಬಿಡು. ನಾಕ್ಸೋಸ್ ಒಂದನ್ನೇ ಇಟ್ಟುಕೊ.

ನಕ್ಷೆಯಲ್ಲಿ ಒಂದು ದ್ವೀಪಕ್ಕೂ ಇನ್ನೊಂದಕ್ಕೂ ಗೇಣು ದೂರವೂ ಕಾಣುವುದಿಲ್ಲ, ನಿಜ. ಆದರೆ ಬೆಳಿಗ್ಗೆ ರೂಮು ಖಾಲಿ ಮಾಡಬೇಕು, ಬಿಸಿಲಿನಲ್ಲಿ ಸೂಟ್‌ಕೇಸ್ ಎಳೆದುಕೊಂಡು ಬಂದರಿಗೆ ಬರಬೇಕು, ಹಡಗು ತಡವಾದರೆ ಕಾಯಬೇಕು. ಆಚೆ ಇಳಿದ ಮೇಲೂ ರೂಮಿನ ಬೀಗದ ಕೈ ಸಿಗುವುದು ಮಧ್ಯಾಹ್ನ ಕಳೆದ ಮೇಲೆಯೇ. ಅಲ್ಲಿಗೆ ಒಂದು ದಿನ ಹೋಯಿತು. ನಿನ್ನ ಪಟ್ಟಿಯಲ್ಲಿ ಹೀಗೆ ಹೋಗುವ ದಿನಗಳೇ ನಾಲ್ಕಿವೆ. ಅಥೆನ್ಸ್ ಹತ್ತಿರದ ಪಿರೇಯಸ್ ಬಂದರಿನಿಂದ ದೊಡ್ಡ ಹಡಗು ಹತ್ತಿದರೆ ಐದು ಐದೂವರೆ ಗಂಟೆಯಲ್ಲಿ ನಾಕ್ಸೋಸ್. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಅಷ್ಟು ಪ್ರಯಾಣ ಸಾಕು.

ಇನ್ನೊಂದು ಕಾರಣ ಗಾಳಿ. ಜುಲೈ, ಆಗಸ್ಟಿನಲ್ಲಿ ಉತ್ತರದಿಂದ ಬೀಸುವ ಗಾಳಿಗೆ ಅಲ್ಲಿನವರು ಮೆಲ್ಟೇಮಿ ಅನ್ನುತ್ತಾರೆ. ಆಕಾಶದಲ್ಲಿ ಒಂದು ಮೋಡವಿರುವುದಿಲ್ಲ, ಬಿಸಿಲು ಹೊಳೆಯುತ್ತಿರುತ್ತದೆ, ಸಮುದ್ರ ಮಾತ್ರ ನೊರೆ ಎದ್ದು ಕುದಿಯುತ್ತದೆ. ಗಾಳಿ ಮಿತಿ ಮೀರಿದರೆ ಹಡಗು ಬಿಡಲು ಅಪ್ಪಣೆ ಸಿಗದು. ವೇಗದ ಚಿಕ್ಕ ಹಡಗುಗಳೇ ಮೊದಲು ನಿಲ್ಲುತ್ತವೆ. ಅದಕ್ಕೇ ಹೇಳುತ್ತೇನೆ, ವಿಮಾನದ ಹಿಂದಿನ ದಿನವೇ ಅಥೆನ್ಸಿಗೆ ಬಂದು ಮಲಗಿರಿ.

2013ರ ಆಗಸ್ಟಿನಲ್ಲಿ ನಾನೂ ನನ್ನ ಗೆಳತಿಯೂ ನಿನ್ನ ಹಾಗೆಯೇ ಪಟ್ಟಿ ಹಿಡಿದು ಹೋದವರು. ನಾಕ್ಸೋಸ್ ಬಂದರಿನಲ್ಲಿ ನಮ್ಮ ಹಡಗು ಇಲ್ಲವೆಂದಾಯಿತು. ಟಿಕೆಟ್ಟಿನ ದುಡ್ಡು ವಾಪಸ್ ಬರುತ್ತದೋ ಇಲ್ಲವೋ ಎಂಬಲ್ಲಿ ಶುರುವಾದ ಮಾತು, ಮೂರು ದಿನದಿಂದ ಯಾರು ಎಷ್ಟು ಕೊಟ್ಟೆವು ಎಂಬ ಲೆಕ್ಕಕ್ಕೆ ಇಳಿಯಿತು. ಅವಳು ಚಿಕ್ಕ ಪುಸ್ತಕದಲ್ಲಿ ಎಲ್ಲ ಬರೆದಿಟ್ಟಿದ್ದಳು, ನಾನು ಕೊಡಿಸಿದ ಒಂದು ಕಾಫಿಯನ್ನೂ ಬಿಡದೆ. ಮೂವತ್ತು ವರ್ಷದ ಸ್ನೇಹದಲ್ಲಿ ಇವಳು ನನ್ನ ಕಾಫಿ ಬರೆದಿಟ್ಟಳಲ್ಲಾ ಅಂತ ನನಗೆ ಅಳುವೇ ಬಂತು. ಅವಳು ಬರೆದದ್ದು ತಾನು ನನಗೆ ಕೊಡುವುದು ಬಾಕಿ ಉಳಿಯಬಾರದು ಅಂತ. ಅದು ನನಗೆ ಗೊತ್ತಾದದ್ದು ರಾತ್ರಿ, ಅವಳೇ ಬಂದು ಪಕ್ಕದಲ್ಲಿ ಕೂತು ಹೇಳಿದಾಗ.

ಆದ್ದರಿಂದ ನೀವಿಬ್ಬರೂ ಮೊದಲ ದಿನವೇ ಒಂದೇ ಚೀಲಕ್ಕೆ ಸಮಸಮ ದುಡ್ಡು ಹಾಕಿ. ಊಟ, ಬಸ್ಸು, ನೀರು ಎಲ್ಲ ಅದರಿಂದಲೇ. ಮುಗಿದಾಗ ಮತ್ತೆ ಸಮಸಮ ಹಾಕಿ. ನಿನ್ನ ಸಂಬಳ ನಿನ್ನ ಗೆಳತಿಯದಕ್ಕಿಂತ ಹೆಚ್ಚು ಅಂತ ನನಗೆ ಗೊತ್ತು. ರೂಮು, ಹೋಟೆಲು ಆರಿಸುವಾಗ ಅವಳ ಕೈಗೆ ಎಟುಕುವುದನ್ನೇ ಆರಿಸು. ‘ಪರವಾಗಿಲ್ಲ, ನಾನು ಕೊಡ್ತೀನಿ’ ಅಂತ ದಿನಾ ಹೇಳಿಸಿಕೊಳ್ಳುವುದು ಯಾರಿಗೂ ಹಿತವಲ್ಲ.

ದಿನಕ್ಕೆ ಎರಡು ಗಂಟೆಯಾದರೂ ಬೇರೆ ಬೇರೆ ಇರಿ. ನೀನು ಕೋಳಿ ಕೂಗುವ ಮೊದಲು ಏಳುವವಳು, ಅವಳು ತಡವಾಗಿ ಏಳುವವಳು ಅಂತ ನೀನೇ ಹೇಳಿದ್ದೆ. ಅವಳನ್ನು ಮಲಗಲು ಬಿಡು. ದ್ವೀಪದ ಮುಖ್ಯ ಪಟ್ಟಣ ಹೋರಾದಿಂದ ಆಯಿಯೋಸ್ ಯೋರ್ಗೋಸ್ ಕಡಲತೀರಕ್ಕೆ ನಡೆದೇ ಹೋಗಬಹುದು. ಅಲ್ಲಿ ನೀರು ತುಂಬಾ ದೂರದವರೆಗೆ ಆಳವಿಲ್ಲ. ನನಗೆ ಈಜು ಬರದು, ಆದರೂ ಬೆಳಿಗ್ಗೆ ಸೊಂಟದವರೆಗೆ ಇಳಿದು ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ಮರಳ ಮೇಲೆ ನನ್ನದೇ ಕಾಲಿನ ಬೆರಳು ಒಂದೊಂದಾಗಿ ಎಣಿಸಬಹುದು, ಅಷ್ಟು ತಿಳಿ ನೀರು.

ಸಂಜೆ ಮಾತ್ರ ಜೊತೆಯಾಗಿ ಪೊರ್ಟಾರಾಕ್ಕೆ ಹೋಗಿ. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಅಪೊಲೊ ದೇವಸ್ಥಾನ ಅಂತ ಶುರುಮಾಡಿ ಮುಗಿಸದೆ ಬಿಟ್ಟದ್ದರ ಬಾಗಿಲುವಾಡ ಅದು. ಅಮೃತಶಿಲೆಯದು, ಮೂರಾಳೆತ್ತರ. ಹತ್ತಿರ ಹೋಗಿ ನೋಡು, ಕಲ್ಲಿನ ಮೈಮೇಲೆ ಅಲ್ಲಲ್ಲಿ ಗುಬುಟು ಉಳಿದಿವೆ. ಕಲ್ಲು ಎತ್ತುವಾಗ ಹಿಡಿತಕ್ಕೆ ಬಿಟ್ಟವು, ಕೆಲಸ ಮುಗಿದಿದ್ದರೆ ಕೆತ್ತಿ ನುಣುಪು ಮಾಡುತ್ತಿದ್ದರು. ಗ್ರೀಕರ ಪುರಾಣದಲ್ಲಿ ಥೀಸಿಯಸ್ ಎಂಬ ವೀರ, ತನ್ನ ಪ್ರಾಣ ಉಳಿಸಿದ ಅರಿಯಾಡ್ನೆಯನ್ನು ಅವಳು ನಿದ್ದೆಯಲ್ಲಿದ್ದಾಗ ಬಿಟ್ಟು ಹಡಗು ಹತ್ತಿದ್ದು ಇದೇ ದ್ವೀಪದಿಂದ. ಜಗಳವಾದ ರಾತ್ರಿ ಗೆಳತಿ ನನಗೆ ಈ ಕಥೆ ಹೇಳಿ, ‘ನಾನು ಹಾಗೆ ಹೋಗೋಳಲ್ಲ’ ಅಂದಳು.

ಬಂದರಿನ ಎದುರಿನಿಂದಲೇ ಬಸ್ಸು ಹೊರಡುತ್ತದೆ. ಬಾಡಿಗೆ ಸ್ಕೂಟರು, ನಾಲ್ಕು ಚಕ್ರದ ಬೈಕು ಬೇಡ ಕಣೇ. ಬೆಟ್ಟದ ದಾರಿ ತಿರುವು, ಮೇಲೆ ಆ ಗಾಳಿ. ಹಲ್ಕಿ ಎಂಬ ಹಳ್ಳಿಗೆ ಹೋಗಿ. ನಮ್ಮ ಮಾದಳದ ಗಿಡವೇ ಅಲ್ಲಿಯೂ ಇದೆ, ಅದರ ಎಲೆಯಿಂದ ಕಿತ್ರೊ ಎಂಬ ಮದ್ಯ ಇಳಿಸುತ್ತಾರೆ. ಅಲ್ಲೊಂದು ಭಟ್ಟಿ 1896ರಿಂದ ನಡೆಯುತ್ತಿದೆ. ಕಾಫಿ ಹೇಳಿ ಕೂತರೆ ಏಳಿ ಎನ್ನುವವರಿಲ್ಲ. ಕಾಫಿಯನ್ನು ಕಲಕಬೇಡ, ಚರಟ ತಳಕ್ಕೆ ಇಳಿಯಲಿ. ಮಧ್ಯಾಹ್ನ ಮೂರರಿಂದ ಐದೂವರೆ ಊರು ಮಲಗುವ ಹೊತ್ತು, ನೀವೂ ಮಲಗಿ.

ಊಟದ ಚಿಂತೆ ನಿಮ್ಮಮ್ಮನಿಗೆ ಬೇಡ ಅಂತ ಹೇಳು. ದೊಡ್ಡ ಬಿಳಿ ಕಾಳಿನ ಗಿಗಾಂದೆಸ್, ತರಕಾರಿ ಬೇಯಿಸಿದ ಬ್ರಿಯಾಮ್, ಬೇಯಿಸಿದ ಸೊಪ್ಪಿನ ಹೋರ್ತಾ, ನಾಕ್ಸೋಸಿನದೇ ಆಲೂಗಡ್ಡೆ ಎಲ್ಲ ಸಿಗುತ್ತದೆ. ಟೊಮೆಟೊದೊಳಗೆ ಅನ್ನ ತುಂಬಿದ ಯೆಮಿಸ್ತಾದಲ್ಲಿ ಕೆಲವೊಮ್ಮೆ ಕೈಮಾ ಇರುತ್ತದೆ. ‘ಹೋರಿಸ್ ಕ್ರೆಯಾಸ್’, ಮಾಂಸ ಇಲ್ಲದೆ, ಅಂತ ಕೇಳಿಕೊ. ಅವರು ‘ನೆ’ ಅಂದರೆ ಹೌದು ಅಂತ, ಬೇಡ ಅಂತಲ್ಲ. ಕಮೋಡಿನಲ್ಲಿ ಕಾಗದ ಹಾಕಬೇಡಿ, ಪಕ್ಕದ ಬುಟ್ಟಿಗೆ ಹಾಕಿ. ಮೈಗೆ ಏನಾದರೂ ಆದರೆ 112ಕ್ಕೆ ಫೋನು ಮಾಡು.

ಯಾವ ದಿನಕ್ಕೂ ಏನನ್ನೂ ಬರೆದುಕೊಳ್ಳಬೇಡ. ಗೆಳತಿ ಸುಮ್ಮನೆ ಕೂತಿದ್ದರೆ ನೀನೂ ಸುಮ್ಮನೆ ಕೂರು. ಏನಾಯಿತು ಅಂತ ಪದೇಪದೇ ಕೇಳಬೇಡ. ಅವಳ ಅಮ್ಮ ಹೋಗಿ ಇನ್ನೂ ವರ್ಷವಾಗಿಲ್ಲ. ಅವಳು ಈ ಪ್ರವಾಸಕ್ಕೆ ಒಪ್ಪಿದ್ದು ದ್ವೀಪ ನೋಡುವುದಕ್ಕಲ್ಲ, ನಿನ್ನ ಜೊತೆ ಇರುವುದಕ್ಕೆ.

ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಒಂದು ಪುಟ್ಟ ಚೀಲ ಹೊಲಿದಿದ್ದೇನೆ, ಎರಡು ಕಡೆ ಲಾಡಿ ಹಾಕಿ. ನಿಮ್ಮಿಬ್ಬರ ದುಡ್ಡಿಗೆ. ಶನಿವಾರ ನಿಮ್ಮಪ್ಪ ಮೈಸೂರಿಗೆ ಬಂದಾಗ ಕೊಟ್ಟು ಕಳಿಸುತ್ತೇನೆ.

ನಿನ್ನ ದೊಡ್ಡಮ್ಮ