ಗರಗರ ಎಂದ ಕೂಡಲೇ ಕಂಪ್ಯೂಟರ್ ಎಸೆಯಬೇಡಿ

ಸಂಪಾದಕರೇ,

ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಮದುವೆ ಕಾರ್ಡು, ಅರ್ಜಿ, ಪಹಣಿ ಪ್ರಿಂಟು, ಮಕ್ಕಳ ಪ್ರಾಜೆಕ್ಟು ಎಲ್ಲದಕ್ಕೂ ಇರುವುದು ಒಂದೇ ಡೆಸ್ಕ್‌ಟಾಪ್. ಕಳೆದ ಮಳೆಗಾಲದಲ್ಲಿ ಅದು ಬೆಳಿಗ್ಗೆ ಆನ್ ಮಾಡಿದ ಕೂಡಲೇ ಗರಗರ ಎನ್ನಲು ಶುರು ಮಾಡಿತು. ಹತ್ತು ನಿಮಿಷಕ್ಕೆ ತಾನಾಗಿಯೇ ನಿಲ್ಲುತ್ತಿತ್ತು, ಹಾಗಾಗಿ ನಾನೂ ಸುಮ್ಮನಿದ್ದೆ. ದೀಪಾವಳಿ ಹೊತ್ತಿಗೆ ಇಡೀ ದಿನ ಅದೇ ಸದ್ದು. ಬಂದವರೆಲ್ಲ "ಏನ್ರೀ ಇದು, ಹಿಟ್ಟಿನ ಗಿರಣಿ ತರ" ಎನ್ನತೊಡಗಿದರು.

ರಿಪೇರಿಗೆ ಒಯ್ದೆ. ಅಲ್ಲಿ ಮುಚ್ಚಳ ಕೂಡ ತೆಗೆಯಲಿಲ್ಲ. "ಹಳೇದಾಯ್ತು ಸಾರ್, ಹೊಸದು ತಗೊಳ್ಳಿ, 30 ಸಾವಿರದಲ್ಲಿ ಮಾಡಿಕೊಡ್ತೀನಿ" ಅಂದರು. ನನ್ನಂಥ ಅಂಗಡಿಯವನಿಗೆ 30 ಸಾವಿರ ಸಣ್ಣ ಮೊತ್ತವಲ್ಲ. ಇಂಥ ಮಾತು ನಂಬಿ ಚೆನ್ನಾಗಿರುವ ಕಂಪ್ಯೂಟರನ್ನು ಗುಜರಿಗೆ ಹಾಕಿದವರನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಈ ಪತ್ರ.

ವಾಪಸ್ ತಂದು ಮೊದಲು ಮಾಡಿದ್ದು ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು. ನಿಮ್ಮ ಪತ್ರಿಕೆಯ ಎರಡು ಹಾಳೆಯನ್ನೇ ಕೊಳವೆಯ ಹಾಗೆ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕ್ಯಾಬಿನೆಟ್ಟಿನ ಹೊರಗಿನಿಂದಲೇ ಒಂದೊಂದು ಕಡೆ ಹಿಡಿದು ಕೇಳಿದೆ. ಡೆಸ್ಕ್‌ಟಾಪಿನಲ್ಲಿ ಪ್ರೊಸೆಸರಿನ ಮೇಲೊಂದು ಫ್ಯಾನ್ ಇರುತ್ತದೆ, ಕ್ಯಾಬಿನೆಟ್ಟಿಗೆ ಒಂದೋ ಎರಡೋ ಇರುತ್ತವೆ, ಹಿಂದೆ ಕರೆಂಟಿನ ವೈರ್ ಸಿಕ್ಕಿಸುವ ಎಸ್‌ಎಂಪಿಎಸ್ ಡಬ್ಬಿಯ ಒಳಗೆ ಇನ್ನೊಂದು. ಹಳೆಯ ಹಾರ್ಡ್ ಡಿಸ್ಕ್ ಕೂಡ ಸದ್ದು ಮಾಡುತ್ತದೆ. ಅದು ಟಕ್ ಟಕ್ ಎಂದರೆ ಮಾತ್ರ ಬೇರೆಲ್ಲ ಬಿಟ್ಟು ಮೊದಲು ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ನನ್ನ ಕಂಪ್ಯೂಟರಿನ ಸದ್ದು ಎಸ್‌ಎಂಪಿಎಸ್‌ನಿಂದ ಬರುತ್ತಿತ್ತು. ಗೋಡೆಯ 230 ವೋಲ್ಟ್ ಕರೆಂಟನ್ನು 12, 5, 3.3 ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ ಅದು. ಅದು ಕೆಟ್ಟರೆ ಕಂಪ್ಯೂಟರೇ ಕೆಟ್ಟಿತು ಎಂದು ಅರ್ಥವಲ್ಲ, ಬಿಚ್ಚಿ ಬೇರೆಯದು ಹಾಕಿದರೆ ಮುಗಿಯಿತು.

ಎಸ್‌ಎಂಪಿಎಸ್ ಮಾಡುವ ಸದ್ದುಗಳೆಲ್ಲ ಒಂದೇ ಅಲ್ಲ. ಬೆಳಿಗ್ಗೆ ಜೋರಾಗಿದ್ದು ಬಿಸಿಯಾದ ಮೇಲೆ ತಗ್ಗುವ ಗರಗರ ಬಂದರೆ ಹೆಚ್ಚಾಗಿ ಫ್ಯಾನಿನ ಬೇರಿಂಗಿನಲ್ಲಿ ಎಣ್ಣೆ ಒಣಗಿರುತ್ತದೆ. ಪಟಪಟ ಎಂದರೆ ಯಾವುದೋ ವೈರ್ ರೆಕ್ಕೆಗೆ ತಾಗುತ್ತಿರಬಹುದು. ಸಣ್ಣಗೆ ಕೀಂ ಎನ್ನುವುದು, ಅದರಲ್ಲೂ ಪೇಜು ಮೇಲೆ ಕೆಳಗೆ ಸರಿಸುವಾಗ ಜಾಸ್ತಿಯಾಗುವುದು, ಒಳಗಿನ ತಂತಿ ಸುರುಳಿಗಳ ಕಂಪನ. ಕಿವಿಗೆ ಕಿರಿಕಿರಿ ನಿಜ, ಆದರೆ ಸಾಮಾನ್ಯವಾಗಿ ಅಪಾಯ ಇಲ್ಲ. ಇನ್ನು ಕರೆಂಟ್ ಹೋಗಿ ಇನ್ವರ್ಟರಿಗೆ ಬಂದಾಗ ಮಾತ್ರ ಗುಂಯ್ ಎನ್ನುತ್ತದೆಯಾ? ನಮ್ಮ ಮಲೆನಾಡಿನಲ್ಲಿ ಮಳೆ ಬಂದರೆ ಕರೆಂಟ್ ಇರುವುದೇ ಕಡಿಮೆ, ಹಾಗಾಗಿ ಈ ದೂರು ತುಂಬಾ ಜನರದ್ದು. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಕೆಲವು ಎಸ್‌ಎಂಪಿಎಸ್‌ಗಳಿಗೆ ಹೊಂದುವುದಿಲ್ಲ. ಅಂಥ ಕಡೆ ಎಸ್‌ಎಂಪಿಎಸ್ ಬದಲಿಸಿ ದುಡ್ಡು ಕಳೆಯುವ ಮೊದಲು ಗೋಡೆಯ ಕರೆಂಟಿನಂಥದ್ದನ್ನೇ ಕೊಡುವ ಸೈನ್ ವೇವ್ ಇನ್ವರ್ಟರ್ ಯಾರದ್ದಾದರೂ ಇದ್ದರೆ ಅದಕ್ಕೆ ಹಾಕಿ ನೋಡಿ. ಸುಟ್ಟ ವಾಸನೆ ಬಂದರೆ, ಪಟ್ ಎಂದು ಸಿಡಿದರೆ, ಯೋಚನೆ ಮಾಡುತ್ತಾ ನಿಲ್ಲಬೇಡಿ. ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕೀಳಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಎಸ್‌ಎಂಪಿಎಸ್ ಡಬ್ಬಿಯನ್ನು ನೀವೇ ಬಿಚ್ಚಬೇಡಿ. ವಿಡಿಯೋ ನೋಡಿಕೊಂಡು ಡಬ್ಬಿ ಬಿಚ್ಚಿ ಫ್ಯಾನಿಗೆ ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಬಿಡುವವರು ಇದ್ದಾರೆ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಧೂಳು ಸೇರಿ ಅಂಟಾಗುತ್ತದೆ, ಅದು ಬೇರೆ ವಿಷಯ. ಒಳಗೆ ಕರೆಂಟ್ ತುಂಬಿಟ್ಟುಕೊಳ್ಳುವ ಕೆಪ್ಯಾಸಿಟರ್ ಎಂಬ ದೊಡ್ಡ ಬಿಡಿಭಾಗ ಇದೆ, ಅದರಲ್ಲಿ 325 ವೋಲ್ಟ್ ಆಸುಪಾಸು, ಕೆಲವದರಲ್ಲಿ ಇನ್ನೂ ಜಾಸ್ತಿ, ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಆಡುವ ಮಕ್ಕಳಿರುವ ಮನೆಯಲ್ಲಿ ಆ ಡಬ್ಬಿ ಬಿಚ್ಚಿ ಮೇಜಿನ ಮೇಲೆ ಇಡುವುದನ್ನು ನೆನೆಸಿಕೊಂಡರೇ ನನಗೆ ಭಯವಾಗುತ್ತದೆ. ನೀವು ಮಾಡಬಹುದಾದದ್ದು ಇಷ್ಟು: ಪ್ಲಗ್ ಕಿತ್ತು, ಹೊರಗಿನಿಂದ ಬ್ಲೋವರಿನಲ್ಲಿ ಧೂಳು ಊದಿ. ಕಂಪ್ಯೂಟರನ್ನು ಗೋಡೆಗೆ ಒತ್ತಿ ಇಟ್ಟಿದ್ದರೆ ಒಂದು ಗೇಣು ಮುಂದೆ ಎಳೆಯಿರಿ. ಗಾಳಿ ಆಡದಿದ್ದರೆ ಎಷ್ಟೋ ಫ್ಯಾನುಗಳು ಜೋರಾಗಿ ತಿರುಗುತ್ತವೆ, ಸದ್ದಿಗೆ ಅದೂ ಒಂದು ಕಾರಣ.

ನನ್ನದನ್ನು ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರದ ಒಬ್ಬ ಹುಡುಗ ನೋಡಿದ. ರಾತ್ರಿಯಿಡೀ ಪ್ಲಗ್ ಕಿತ್ತು ಇಟ್ಟು, ಮರುದಿನ ಕೆಪ್ಯಾಸಿಟರಿನಲ್ಲಿ ಕರೆಂಟ್ ಉಳಿದಿಲ್ಲ ಎಂದು ಮೀಟರ್ ಹಿಡಿದು ಖಾತ್ರಿ ಮಾಡಿಕೊಂಡು, ನನ್ನೆದುರೇ ಬಿಚ್ಚಿದ. ಫ್ಯಾನ್ ಕೈಯಲ್ಲಿ ತಿರುಗಿಸಿದರೂ ಗರಗರ. ಬರೀ ಫ್ಯಾನ್ ಬದಲಿಸಿ ದುಡ್ಡು ತಗೊಂಡಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಅವನು ಹಾಗೆ ಮಾಡಲಿಲ್ಲ. ಎರಡು ಸಣ್ಣ ಕೆಪ್ಯಾಸಿಟರುಗಳ ತಲೆ ಪೂರಿಯ ಹಾಗೆ ಉಬ್ಬಿದ್ದನ್ನು ತೋರಿಸಿ, "ಇದು ಹೋದರೆ ಮದರ್‌ಬೋರ್ಡನ್ನೂ ತಗೊಂಡು ಹೋಗಬಹುದು, ಡಬ್ಬಿಯನ್ನೇ ಬದಲಿಸೋಣ" ಅಂದ. ಒಳ್ಳೆಯ ಎಸ್‌ಎಂಪಿಎಸ್ ಹಾಕಿಸಿದೆ, ಎಲ್ಲಾ ಸೇರಿ ಮೂರು ಸಾವಿರದ ಒಳಗೆ ಮುಗಿಯಿತು.

ಹಳೆಯ ಡಬ್ಬಿಯ ಚೀಟಿಯನ್ನೂ ಅವನೇ ಓದಿ ಹೇಳಿದ. ಮೇಲೆ ದಪ್ಪ ಅಕ್ಷರದಲ್ಲಿ 450 ವಾಟ್ ಎಂದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 12 ವೋಲ್ಟಿನ ಸಾಲಿನಲ್ಲಿ 16 ಆಂಪಿಯರ್. ಗುಣಿಸಿ ನೋಡಿ, 192 ವಾಟ್ ಅಷ್ಟೇ! ಈಗಿನ ಕಂಪ್ಯೂಟರಿಗೆ ಹೆಚ್ಚಿನ ಪವರ್ ಬೇಕಾಗುವುದೇ ಆ 12 ವೋಲ್ಟಿನ ಸಾಲಿನಲ್ಲಿ. ಕ್ಯಾಬಿನೆಟ್ಟಿನ ಜೊತೆ "ಫ್ರೀ" ಎಂದು ಕೊಟ್ಟದ್ದು ಇದು, ಕೈಯಲ್ಲಿ ಹಿಡಿದರೆ ಖಾಲಿ ಡಬ್ಬಿಯಷ್ಟು ಹಗುರ. ಅಸೆಂಬಲ್ ಮಾಡಿಸುವಾಗ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಎಂದು ಕೇಳಿ ಕೇಳಿ ಬರೆಸಿಕೊಂಡಿದ್ದೆ. ಎಸ್‌ಎಂಪಿಎಸ್ ಬಗ್ಗೆ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಹಾಗಾಗಿ ಕಂಪ್ಯೂಟರ್ ಮಾರುವವರಲ್ಲಿ ನನ್ನ ವಿನಂತಿ, ಕೊಟೇಶನ್ನಿನಲ್ಲೂ ಬಿಲ್ಲಿನಲ್ಲೂ ಎಸ್‌ಎಂಪಿಎಸ್‌ನ ಕಂಪನಿ, ಮಾಡೆಲ್, ವಾರಂಟಿ ಬರೆಯಿರಿ. ಕೊಳ್ಳುವವರು ಅದು ಇಲ್ಲದ ಬಿಲ್ ತಗೊಳ್ಳಬೇಡಿ. ಎಸ್‌ಎಂಪಿಎಸ್ ಮೇಲೆ 80 ಪ್ಲಸ್ ಎಂಬ ದಕ್ಷತೆಯ ಗುರುತು ಇದ್ದರೆ ಒಳ್ಳೆಯದು, ಕರೆಂಟ್ ಕಡಿಮೆ ಪೋಲಾಗುತ್ತದೆ, ಡಬ್ಬಿ ಕಡಿಮೆ ಬಿಸಿಯಾಗುತ್ತದೆ, ಫ್ಯಾನಿಗೂ ಅಷ್ಟು ಕೆಲಸ ಇರುವುದಿಲ್ಲ. ಶಾಲೆಗಳಿಗೆ ದಾನವಾಗಿ ಕಂಪ್ಯೂಟರ್ ಕೊಡುವ ಹಳೆಯ ವಿದ್ಯಾರ್ಥಿಗಳೂ ಇದೊಂದನ್ನು ನೋಡಿ ಕೊಡಿ, ಅಲ್ಲಿ ಕೆಟ್ಟರೆ ರಿಪೇರಿ ಮಾಡಿಸಲು ಮೇಷ್ಟ್ರ ಜೇಬಿನಿಂದಲೇ ಹೋಗಬೇಕಾಗುತ್ತದೆ, ಅಲ್ವಾ?

ಆ ಹಳೆಯ ಡಬ್ಬಿಯನ್ನು ನಾನು ಗುಜರಿಗೆ ಕೊಟ್ಟಿಲ್ಲ. ಮುಚ್ಚಳ ಹಾಕಿಸಿ ಅಂಗಡಿಯ ಕೌಂಟರಿನ ಮೇಲೆ ಇಟ್ಟಿದ್ದೇನೆ. ಹೊಸ ಕಂಪ್ಯೂಟರ್ ತಗೊಳ್ಳುತ್ತೇನೆ ಎಂದು ಯಾರೇ ಹೇಳಿದರೂ ಅದರ ಚೀಟಿ ತೋರಿಸಿ, ಆ 16 ಆಂಪಿಯರಿನ ಲೆಕ್ಕ ಮಾಡಿ ಹೇಳುತ್ತೇನೆ.

– ಡಿಟಿಪಿ ಅಂಗಡಿಯ ಒಬ್ಬ ಓದುಗ, ಸಾಗರ