ನಿನ್ನ ಸಹಿಯ ವಿಚಾರ

ಹೊಸಪೇಟೆ

ಚಿ. ಸುಮಾಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಹೇಳಿಯೇ ಇರುತ್ತಾಳೆ. ಗಣಿಯ ಕೆಸರು ತುಂಬಿದ ಒಡ್ಡು ಭದ್ರವಾಗಿದೆ ಎಂಬ ವರದಿಗೆ ಈಗ ಸಹಿ ಹಾಕು, ಉಳಿದದ್ದನ್ನು ಮುಂದಿನ ವರ್ಷ ನೋಡೋಣ ಎಂದು ಮೇಲಿನವರು ಒತ್ತಾಯಿಸುತ್ತಿದ್ದಾರೆಂದು ಪತ್ರದ ಕೊನೆಯಲ್ಲಿ ನೀನು ಬರೆದ ಆ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ.

ಬ್ರೆಜಿಲ್‌ನ ಬ್ರುಮಾಡಿನ್ಯೊ ನೆನಪಾಗುತ್ತದೆ ಎಂದಿದ್ದೀಯೆ. 2019ರ ಜನವರಿ 25ರ ಮಧ್ಯಾಹ್ನ ವಾಲೆ ಕಂಪನಿಯ ಕಬ್ಬಿಣದ ಗಣಿಯಲ್ಲಿ 86 ಮೀಟರ್ ಎತ್ತರದ ಒಡ್ಡು ಕುಸಿದಾಗ ಕಾರ್ಮಿಕರ ಊಟದ ಮನೆ ಅದರ ಕೆಳಗೇ ಇತ್ತು. ಸೈರನ್ ಕೂಗಲಿಲ್ಲ. ಸತ್ತವರು 270 ಮಂದಿ. ಹೊಸ ಕೆಸರು ಬೀಳುವುದು 2016ರಲ್ಲೇ ನಿಂತಿದ್ದರೂ ಒಳಗಿನ ನೀರು ಇಳಿದಿರಲಿಲ್ಲ. ಆದ್ದರಿಂದ ನಿನ್ನ ಒಡ್ಡಿನೊಳಗಿನ ನೀರಿನ ಮಟ್ಟದ ಅಂಕಿಗಳನ್ನು ಕಾಗದದಲ್ಲಿ ನೋಡಿ ಸುಮ್ಮನಾಗದೆ ನೀನೇ ಹೋಗಿ ನೋಡಿ ಬಂದರೆ ಒಳ್ಳೆಯದೇನೋ. ಭದ್ರತೆಯ ಅಂಶ, ಅಂದರೆ ಒಡ್ಡಿನ ಬಲ ಅದರ ಮೇಲಿನ ಒತ್ತಡದ ಎಷ್ಟು ಪಟ್ಟು ಎಂಬ ಲೆಕ್ಕ, 1.3 ಇರಬೇಕಾದಲ್ಲಿ 1.09 ಬಂದಿದ್ದರೂ, ಜರ್ಮನಿಯ ತಪಾಸಣೆ ಕಂಪನಿ ಟ್ಯೂವ್ ಸ್ಯೂಡ್‌ನ ಬ್ರೆಜಿಲ್ ಶಾಖೆ 2018ರಲ್ಲಿ ಒಡ್ಡು ಸ್ಥಿರವಾಗಿದೆಯೆಂದು ಪ್ರಮಾಣಪತ್ರ ಕೊಟ್ಟಿತ್ತು. ಒತ್ತಡವಿತ್ತೆಂದು ಸಹಿ ಹಾಕಿದವನು ಆಮೇಲೆ ಪೊಲೀಸರ ಮುಂದೆ ಹೇಳಿದ. 2020ರಲ್ಲಿ ಕೊಲೆ ಆರೋಪ ಹೊತ್ತ 16 ಮಂದಿಯಲ್ಲಿ ಗಣಿ ಕಂಪನಿಯ ಮಾಜಿ ಮುಖ್ಯಸ್ಥನಷ್ಟೇ ಅಲ್ಲ, ಈ ತಪಾಸಣೆಯವರೂ ಇದ್ದರು.

ನನ್ನ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. 2009ರಲ್ಲಿ ನಾನು ಸಂಡೂರಿನ ಒಂದು ಗಣಿಯಲ್ಲಿ ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಕೂತು, ಮುಳ್ಳು ಇಪ್ಪತ್ತೈದು ಟನ್ ದಾಟಿದ ಲಾರಿಗಳಿಗೆ ಹದಿನಾರು ಎಂದು ಪರ್ಮಿಟ್ ಬರೆಯುತ್ತಿದ್ದೆ. ಪರ್ಮಿಟ್ ಪುಸ್ತಕದ ಮೇಲೆ ಕೆಂಪು ಧೂಳು ಎಷ್ಟಿರುತ್ತಿತ್ತೆಂದರೆ ಪ್ರತಿ ಹಾಳೆಯಲ್ಲೂ ನನ್ನ ಹೆಬ್ಬೆರಳು ಮೂಡುತ್ತಿತ್ತು, ಸಹಿಯೇ ಬೇಕಿರಲಿಲ್ಲ. ಗುಮಾಸ್ತನ ಕೆಲಸ, ನನ್ನದೇನು ಪಾಲು ಎಂದುಕೊಂಡಿದ್ದೆ. 2011ರಲ್ಲಿ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹಗುರಾಗುತ್ತಿತ್ತು.

ವೀಸಾ, ಮನೆಸಾಲ ಎರಡೂ ಆ ಕೆಲಸಕ್ಕೇ ಕಟ್ಟಿಕೊಂಡಿವೆ ಎಂಬುದು ನನಗೆ ತಿಳಿಯದ್ದಲ್ಲ. ಬಿಟ್ಟು ಬಾ ಎನ್ನಲು ನನಗೆ ಯಾವ ಮುಖವಿದೆ? ಆದರೂ, ಬಾಯಲ್ಲಿ ಆಗದು ಎನ್ನುವ ಬದಲು ಯಾವ ಲೆಕ್ಕ ಏಕೆ ಸಾಲದೆಂದು ತಾರೀಖು ಹಾಕಿ ಬರೆದು ಕೊಡು, ಒಂದು ಪ್ರತಿಯನ್ನು ನಿನ್ನಲ್ಲೇ ಇಟ್ಟುಕೋ. ಅಲ್ಲಿನ ನಿಯಮ ಅದಕ್ಕೆ ಒಪ್ಪುತ್ತದೋ ಇಲ್ಲವೋ, ವಿಚಾರಿಸು.

ನನ್ನ ಸುಳ್ಳಿನಿಂದ ರಸ್ತೆಬದಿಯ ಮೆಣಸಿನ ಗಿಡಗಳು ಕೆಂಪಡರಿದವು. ನಿನ್ನ ಒಡ್ಡಿನ ಕೆಳಗೆ ಏನಿದೆ ಎಂದು ನೀನು ಬರೆದಿಲ್ಲ. ಮುಂದಿನ ಪತ್ರದಲ್ಲಿ ಅದನ್ನು ಮೊದಲು ಬರೆ.

ಇಂತಿ,
ನಿನ್ನ ದೊಡ್ಡಪ್ಪ