ಗೆದ್ದವರ ಆಲ್ಬಂ ಎಷ್ಟು ಮಾರಿತು ಎಂದು ಬರೆಯುವ ಮುನ್ನ

ಮಾನ್ಯ ಸಂಪಾದಕರಿಗೆ,

ಟೀವಿ ಗಾಯನ ಸ್ಪರ್ಧೆಗಳಲ್ಲಿ ಗೆದ್ದವರ ಬಗ್ಗೆ ಪತ್ರಿಕೆಗಳ ಮನರಂಜನಾ ಪುಟಗಳಲ್ಲಿ ಬರುವ ಸುದ್ದಿಗಳಲ್ಲಿ ‘ಆಲ್ಬಂ ಪ್ಲಾಟಿನಂ ಆಯಿತು’, ‘ಚಾರ್ಟ್‌ನಲ್ಲಿ ನಂಬರ್ ಒನ್’, ‘ಹತ್ತು ಲಕ್ಷ ಪ್ರತಿ’ ಎಂಬ ಮಾತುಗಳು ಒಂದಕ್ಕೊಂದು ಬದಲಿಯಾಗಿ ಬಳಕೆಯಾಗುತ್ತಿವೆ. ಇವು ಮೂರೂ ಬೇರೆ ಬೇರೆ ಲೆಕ್ಕಗಳು. ಎಣಿಸುವವರು ಬೇರೆ, ಎಣಿಸುವ ಅವಧಿ ಬೇರೆ, ಎಣಿಸುವ ವಸ್ತುವೇ ಬೇರೆ. ಬೆರೆಸಿ ಬರೆದಾಗ ಅನ್ಯಾಯವಾಗುವುದು ಗಾಯಕರಿಗೆ. ಮೊದಲ ವಾರದ ಅಬ್ಬರವನ್ನು ದೊಡ್ಡ ಯಶಸ್ಸೆಂದು ಹೊಗಳಿ, ಎರಡನೇ ಆಲ್ಬಂ ಅಷ್ಟು ಮಾರದಿದ್ದಾಗ ಅದೇ ಅಂಕಿಯನ್ನು ಮುಂದಿಟ್ಟು ‘ಮರೆಯಾದ ವಿಜೇತ’ ಎಂಬ ಹಣೆಪಟ್ಟಿ ಹಚ್ಚುತ್ತಾರೆ. ಆದ್ದರಿಂದ ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

‘ಅಮೆರಿಕನ್ ಐಡಲ್’ನ ಐದನೇ ಆವೃತ್ತಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 2006ರಲ್ಲಿ ಅದನ್ನು ಗೆದ್ದವರು ಟೇಲರ್ ಹಿಕ್ಸ್. ನಾಲ್ಕನೇ ಸ್ಥಾನದಲ್ಲಿ ಹೊರಬಿದ್ದವರು ಕ್ರಿಸ್ ಡಾಟ್ರಿ. ಅದೇ ವರ್ಷದ ಕೊನೆಯಲ್ಲಿ, ಮೂರು ವಾರಗಳ ಅಂತರದಲ್ಲಿ ಹಿಕ್ಸ್ ಅವರ ಆಲ್ಬಂ ಮತ್ತು ಡಾಟ್ರಿ ಅವರ ಬ್ಯಾಂಡ್‌ನ ಮೊದಲ ಆಲ್ಬಂ ಅಂಗಡಿಗೆ ಬಂದವು. ಮೊದಲ ವಾರ ಡಾಟ್ರಿ ಮಾರಿದ್ದು ಸುಮಾರು 3,04,000 ಪ್ರತಿ, ಹಿಕ್ಸ್ ಸುಮಾರು 2,98,000. ಇಬ್ಬರೂ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ವಾರದ ಆಲ್ಬಂ ಪಟ್ಟಿಯಾದ ಬಿಲ್‌ಬೋರ್ಡ್ 200ಕ್ಕೆ ಕಾಲಿಟ್ಟದ್ದು 2ನೇ ಸ್ಥಾನದಲ್ಲಿ. ಆ ಎರಡು ವಾರಗಳ ಪಟ್ಟಿಯನ್ನಷ್ಟೇ ನೋಡಿದವರು ಇಬ್ಬರೂ ಸಮಬಲರು ಎಂದುಕೊಳ್ಳುತ್ತಾರೆ. ಮುಂದೆ ಹಿಕ್ಸ್ ಅವರ ಆಲ್ಬಂ ಸುಮಾರು 7 ಲಕ್ಷದಲ್ಲಿ ನಿಂತಿತು. ಡಾಟ್ರಿಯದು 40 ಲಕ್ಷ ದಾಟಿ, 2007ರ ಬಿಲ್‌ಬೋರ್ಡ್ ವಾರ್ಷಿಕ ಪಟ್ಟಿಯಲ್ಲಿ ಮೊದಲನೆಯದಾಯಿತು.

ಇದರೊಳಗೇ ಇನ್ನೂ ಎರಡು ಪಾಠಗಳಿವೆ. ಡಾಟ್ರಿಯ ಆಲ್ಬಂ 1ನೇ ಸ್ಥಾನಕ್ಕೆ ಏರಿದ್ದು ಬಿಡುಗಡೆಯಾದ ವಾರದಲ್ಲಲ್ಲ, ಎರಡು ತಿಂಗಳ ನಂತರ, ಜನವರಿಯಲ್ಲಿ. ಆ ವಾರ ಮಾರಿದ ಪ್ರತಿಗಳು ಮೊದಲ ವಾರಕ್ಕಿಂತ ಬಹಳ ಕಡಿಮೆ. ಮಾರಾಟ ಇಳಿದರೂ ಸ್ಥಾನ ಏರಿತು. ಕ್ರಿಸ್‌ಮಸ್ ಮುಗಿದ ಮೇಲೆ ಅಮೆರಿಕದ ಅಂಗಡಿಗಳಲ್ಲಿ ದೊಡ್ಡ ಆಲ್ಬಂಗಳು ಬರುವುದು ಕಡಿಮೆ, ಕೊಳ್ಳುವವರೂ ಕಡಿಮೆ. ಚಾರ್ಟ್‌ನ ಸ್ಥಾನ ಹೇಳುವುದು ಆ ವಾರ ಎದುರಿಗೆ ಯಾರಿದ್ದರು ಎಂಬುದನ್ನು. ಎಷ್ಟು ಮಾರಿತು ಎಂಬುದನ್ನಲ್ಲ. 2005ರ ವಿಜೇತೆ ಕ್ಯಾರಿ ಅಂಡರ್‌ವುಡ್ ಅವರ ಮೊದಲ ಆಲ್ಬಂ ಬಿಲ್‌ಬೋರ್ಡ್ 200ರಲ್ಲಿ ಒಮ್ಮೆಯೂ 1ನೇ ಸ್ಥಾನ ಮುಟ್ಟಲಿಲ್ಲ. ಅಮೆರಿಕದಲ್ಲಿ ಅದು ಮಾರಿದ್ದು 70 ಲಕ್ಷಕ್ಕೂ ಹೆಚ್ಚು.

ಎರಡನೆಯದು ಪ್ಲಾಟಿನಂ ವಿಷಯ. 7 ಲಕ್ಷ ಮಾರಿದ ಹಿಕ್ಸ್ ಅವರ ಆಲ್ಬಂಗೂ ಪ್ಲಾಟಿನಂ ಪ್ರಮಾಣಪತ್ರವಿದೆ. ಅಮೆರಿಕದಲ್ಲಿ ಪ್ಲಾಟಿನಂ ಎಂದರೆ 10 ಲಕ್ಷ. ಇದರಲ್ಲಿ ಮೋಸವಿಲ್ಲ. ಪ್ರಮಾಣಪತ್ರ ಕೊಡುವ ಆರ್‌ಐಎಎ ಸಂಸ್ಥೆ ಸಿಡಿಗಳ ವಿಷಯದಲ್ಲಿ ಎಣಿಸುವುದು ಕಂಪನಿಯಿಂದ ಅಂಗಡಿಗಳಿಗೆ ರವಾನೆಯಾದ ಪ್ರತಿಗಳನ್ನು, ವಾಪಸು ಬಂದವನ್ನು ಕಳೆದು. ಕೌಂಟರ್‌ನಲ್ಲಿ ಗಿರಾಕಿ ದುಡ್ಡು ಕೊಟ್ಟು ಒಯ್ದ ಪ್ರತಿಗಳ ಲೆಕ್ಕ ಅದಲ್ಲ. ವಿಜೇತರ ಆಲ್ಬಂ ಎಂದರೆ ಅಂಗಡಿಯವರು ಮೊದಲೇ ರಾಶಿ ತರಿಸಿಟ್ಟುಕೊಳ್ಳುತ್ತಾರೆ, ಅದೂ ಹಬ್ಬದ ಡಿಸೆಂಬರ್‌ನಲ್ಲಿ. ಬಿಡುಗಡೆಯಾಗಿ 30 ದಿನ ಕಳೆದ ಮೇಲೆ ಕಂಪನಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಉಳಿದ ಸರಕು ವಾಪಸಾಗುವುದು ಅದರ ನಂತರವೂ ನಡೆಯುತ್ತದೆ. ಅರ್ಜಿ ಹಾಕಿ, ಶುಲ್ಕ ಕಟ್ಟಿ, ಲೆಕ್ಕ ತಪಾಸಣೆ ಮಾಡಿಸಿದರೆ ಮಾತ್ರ ಪ್ರಮಾಣಪತ್ರ ಬರುತ್ತದೆ. ಕೇಳದಿದ್ದವರಿಗೆ ಇಲ್ಲ. ಹಾಗಾಗಿ ‘ಇವರಿಗೆ ಪ್ಲಾಟಿನಂ ಇಲ್ಲ’ ಎಂಬುದರಿಂದ ಆಲ್ಬಂ ಮಾರಲಿಲ್ಲ ಎಂದು ತೀರ್ಮಾನಿಸಲೂ ಬರುವುದಿಲ್ಲ.

ದೇಶ ಬದಲಾದರೆ ಪ್ಲಾಟಿನಂನ ಅಳತೆಯೂ ಬದಲು. ಬ್ರಿಟನ್‌ನಲ್ಲಿ ಆಲ್ಬಂಗೆ 3 ಲಕ್ಷ, ಆಸ್ಟ್ರೇಲಿಯಾದಲ್ಲಿ 70,000. ಬ್ರಿಟನ್‌ನಲ್ಲಿ 2013ರಿಂದ ಅರ್ಜಿಯ ಪದ್ಧತಿ ಬಿಟ್ಟು, ಅಧಿಕೃತ ಚಾರ್ಟ್‌ನ ಮಾರಾಟದ ಲೆಕ್ಕ ಗಡಿ ದಾಟಿದೊಡನೆ ಪ್ರಮಾಣಪತ್ರ ತಾನಾಗಿಯೇ ಬರುವಂತೆ ಮಾಡಿದ್ದಾರೆ. ನನ್ನ ಮಟ್ಟಿಗೆ ಅದೇ ಹೆಚ್ಚು ನಂಬಿಕೆಗೆ ಅರ್ಹವಾದ ಪದ್ಧತಿ.

ಕೌಂಟರ್‌ನಲ್ಲಿ ನಿಜಕ್ಕೂ ಮಾರಿದ್ದನ್ನು ಎಣಿಸುವ ವ್ಯವಸ್ಥೆ ಅಮೆರಿಕದಲ್ಲಿ ಬಂದದ್ದು 1991ರಲ್ಲಿ, ಸೌಂಡ್‌ಸ್ಕ್ಯಾನ್ ಹೆಸರಿನಲ್ಲಿ. ಅಲ್ಲಿಯವರೆಗೆ ಬಿಲ್‌ಬೋರ್ಡ್‌ನವರು ಅಂಗಡಿಗಳಿಗೆ ಫೋನ್ ಮಾಡಿ ‘ಈ ವಾರ ಯಾವುದು ಚೆನ್ನಾಗಿ ಹೋಗುತ್ತಿದೆ’ ಎಂದು ಕೇಳಿ ಪಟ್ಟಿ ಮಾಡುತ್ತಿದ್ದರು. ಬಾರ್‌ಕೋಡ್ ಓದುವ ಯಂತ್ರ ಬಂದ ಮೇಲೆ ಅಂದಾಜು ಹೋಗಿ ಎಣಿಕೆ ಬಂತು. ಇಂದು ಆ ಕೆಲಸ ಮಾಡುವ ಸಂಸ್ಥೆಯ ಹೆಸರು ಲೂಮಿನೇಟ್. ಎಣಿಕೆ ತಪ್ಪುವುದು ಸಾಮಾನ್ಯವಾಗಿ ಸಣ್ಣ ಕಡೆಗಳಲ್ಲಿ. ಒಂದೇ ಆಲ್ಬಂನ ಎರಡು ಆವೃತ್ತಿಗಳಿಗೆ ಬೇರೆ ಬಾರ್‌ಕೋಡ್ ಇದ್ದು, ಎರಡನ್ನೂ ಒಂದೇ ಶೀರ್ಷಿಕೆಗೆ ಜೋಡಿಸದಿದ್ದರೆ ಲೆಕ್ಕ ಒಡೆದುಹೋಗುತ್ತದೆ. ಸಂಗೀತ ಕಛೇರಿ ನಡೆದ ಸಭಾಂಗಣದ ಬಾಗಿಲಲ್ಲಿ ಮಾರಿದ ಸಿಡಿಗಳ ವರದಿ ಕಳಿಸದಿದ್ದರೆ ಅವು ಪಟ್ಟಿಯ ಮಟ್ಟಿಗೆ ಮಾರಾಟವಾಗಲೇ ಇಲ್ಲ. ಬೆಲೆಗೂ ಒಂದು ನಿಯಮವಿದೆ: 2011ರ ಕೊನೆಯಲ್ಲಿ, ಹೊಸ ಆಲ್ಬಂ ಅನ್ನು ಮೊದಲ ನಾಲ್ಕು ವಾರಗಳಲ್ಲಿ 3.49 ಡಾಲರ್‌ಗಿಂತ ಕಡಿಮೆಗೆ ಮಾರಿದರೆ ಆ ಪ್ರತಿಗಳನ್ನು ಚಾರ್ಟ್‌ಗೆ ಸೇರಿಸುವುದಿಲ್ಲ ಎಂದು ಬಿಲ್‌ಬೋರ್ಡ್ ಸಾರಿತು.

ಸ್ಪರ್ಧೆಯ ವಿಜೇತರ ವಿಷಯದಲ್ಲಿ ಇದೆಲ್ಲಕ್ಕೂ ಮೀರಿದ ತೊಡಕೆಂದರೆ ಗೆದ್ದ ಕೂಡಲೇ ಬರುವ ಹಾಡು. ಫೈನಲ್ ರಾತ್ರಿ ಹಾಡಿಸಿ, ಜನ ಮತ ಹಾಕಿದ ಬಿಸಿ ಆರುವ ಮೊದಲೇ ಮಾರುಕಟ್ಟೆಗೆ ಬಿಡುವ ಹಾಡು ಅದು. 2002ರಲ್ಲಿ ಬ್ರಿಟನ್ನಿನ ‘ಪಾಪ್ ಐಡಲ್’ ಗೆದ್ದ ವಿಲ್ ಯಂಗ್ ಅವರ ಸಿಂಗಲ್ (ಬಿಡಿಯಾಗಿ ಮಾರುವ ಹಾಡು) ಒಂದೇ ವಾರದಲ್ಲಿ 11 ಲಕ್ಷ ಮಾರಿತು. ಅದೇ ವರ್ಷ ಅಮೆರಿಕದಲ್ಲಿ ಕೆಲ್ಲಿ ಕ್ಲಾರ್ಕ್‌ಸನ್ ಅವರ ಹಾಡು ಬಿಲ್‌ಬೋರ್ಡ್‌ನ ಹಾಡುಗಳ ಪಟ್ಟಿಯಾದ ಹಾಟ್ 100ರಲ್ಲಿ 52ರಿಂದ ನೇರ 1ಕ್ಕೆ ಜಿಗಿಯಿತು. ಆ ಪಟ್ಟಿಯಲ್ಲಿ ಮಾರಾಟವೂ ರೇಡಿಯೊ ಪ್ರಸಾರವೂ ಸೇರುತ್ತವೆ. ಮೊದಲು ರೇಡಿಯೊದ ಬಲವಷ್ಟೇ ಇತ್ತು. ಸಿಡಿಯ 2,36,000 ಮಾರಾಟದ ಲೆಕ್ಕ ಬಂದು ಸೇರಿದ ವಾರ ಜಿಗಿತವಾಯಿತು. ಇಂಥ ಅಂಕಿಗಳನ್ನು ನಾನು ಕಾರ್ಯಕ್ರಮದ ಅಂಕಿಗಳೆಂದೇ ಓದುತ್ತೇನೆ. ಗಾಯಕರ ಅಂಕಿ ಶುರುವಾಗುವುದು ಎರಡನೇ ಹಾಡಿನಿಂದ.

ಮತದಾನ ಮತ್ತು ಮಾರಾಟ ಬೆರೆತುಹೋಗುವುದೂ ಉಂಟು. 2008ರಲ್ಲಿ ಆ್ಯಪಲ್‌ನ ಆನ್‌ಲೈನ್ ಹಾಡಿನ ಅಂಗಡಿ ಐಟ್ಯೂನ್ಸ್ ‘ಅಮೆರಿಕನ್ ಐಡಲ್’ ಸ್ಪರ್ಧಿಗಳ ಹಾಡು ಮಾರಲು ಶುರುಮಾಡಿದಾಗ, ಯಾರದು ಹೆಚ್ಚು ಮಾರುತ್ತಿದೆ ಎಂಬುದು ಫಲಿತಾಂಶದ ಸುಳಿವಾಗಬಾರದೆಂದು ಸ್ಪರ್ಧೆ ಮುಗಿಯುವವರೆಗೆ ಆ ಹಾಡುಗಳನ್ನು ತನ್ನ ಪಟ್ಟಿಯಲ್ಲಿ ತೋರಿಸಲಿಲ್ಲ. ಮುಗಿದ ಮೇಲೆ ಲೆಕ್ಕ ಹೊರಬಂದು, ಡೇವಿಡ್ ಕುಕ್ ಅವರ 11 ಹಾಡುಗಳು ಒಂದೇ ವಾರ ಹಾಟ್ 100ಕ್ಕೆ ಹೊಕ್ಕವು. ಅಮೆರಿಕದ ಇನ್ನೊಂದು ಗಾಯನ ಸ್ಪರ್ಧೆ ‘ದಿ ವಾಯ್ಸ್’ ಇದಕ್ಕೆ ತದ್ವಿರುದ್ಧ. ಅಲ್ಲಿ ಹಲವು ವರ್ಷ ಐಟ್ಯೂನ್ಸ್ ಖರೀದಿಯೇ ಒಂದು ಮತವಾಗಿತ್ತು, ಹಾಡು ಮೊದಲ ಹತ್ತರೊಳಗೆ ಬಂದರೆ ಆ ಮತಗಳಿಗೆ ಹಲವು ಪಟ್ಟು ಬೆಲೆ ಸಿಗುತ್ತಿತ್ತು. ತಮ್ಮ ಮೆಚ್ಚಿನ ಸ್ಪರ್ಧಿ ಉಳಿಯಲೆಂದು ಅಭಿಮಾನಿ ಕೊಂಡ ಹಾಡನ್ನು ಕೇಳಲೆಂದೇ ಕೊಂಡ ಹಾಡಿನ ಜೊತೆ ತೂಗಲಾಗದು.

ಬ್ರಿಟನ್‌ನಲ್ಲಿ ‘ಎಕ್ಸ್ ಫ್ಯಾಕ್ಟರ್’ ಗಾಯನ ಸ್ಪರ್ಧೆಯ ವಿಜೇತರು 2005ರಿಂದ 2008ರವರೆಗೆ ನಾಲ್ಕು ವರ್ಷ ಸತತವಾಗಿ ಕ್ರಿಸ್‌ಮಸ್ ವಾರದ 1ನೇ ಸ್ಥಾನ ಹಿಡಿದರು. 2009ರಲ್ಲಿ ಜೋ ಮ್ಯಾಕೆಲ್ಡರಿ ತಪ್ಪಿಸಿಕೊಂಡರು. ಫೇಸ್‌ಬುಕ್‌ನಲ್ಲಿ ನಡೆದ ಪ್ರಚಾರದಿಂದಾಗಿ ರೇಜ್ ಅಗೇನ್ಸ್ಟ್ ದ ಮಷೀನ್ ತಂಡದ ಹಳೆಯ ಹಾಡು 5,02,672 ಡೌನ್‌ಲೋಡ್ ಮಾರಿತು, ಮ್ಯಾಕೆಲ್ಡರಿಯದು 4,50,838. ಅವರ ಸಿಡಿ ಅಂಗಡಿಗೆ ಬಂದದ್ದೇ ಆ ವಾರದ ಬುಧವಾರ, ಎದುರಾಳಿಗೆ ಇಡೀ ವಾರ ಸಿಕ್ಕಿತ್ತು. ಮುಂದಿನ ವಾರ ಅವರೇ 1ನೇ ಸ್ಥಾನಕ್ಕೆ ಬಂದರು. ವಾರ ಯಾವ ದಿನ ಶುರುವಾಗುತ್ತದೆ ಎಂಬುದೂ ಮುಖ್ಯ. 2015ರ ಜುಲೈವರೆಗೆ ಅಲ್ಲಿ ಭಾನುವಾರದಿಂದ ಶನಿವಾರ, ಆಮೇಲೆ ಶುಕ್ರವಾರದಿಂದ ಗುರುವಾರ. ವಾರಾಂತ್ಯದ ಫೈನಲ್‌ಗೆ ಹಳೆಯ ವಾರ ಹೇಳಿ ಮಾಡಿಸಿದಂತಿತ್ತು. ಹೊಸ ಪದ್ಧತಿಯಲ್ಲಿ ಫೈನಲ್ ಮುಗಿಯುವ ಹೊತ್ತಿಗೆ ವಾರದ ಒಂದು ಭಾಗ ಕಳೆದಿರುತ್ತದೆ. ಆ ವರ್ಷದ ವಿಜೇತೆ ಲೂಯಿಸಾ ಜಾನ್ಸನ್ ಅವರ ಸಿಂಗಲ್ 9ನೇ ಸ್ಥಾನಕ್ಕಿಂತ ಮೇಲೇರಲಿಲ್ಲ. ಅದಕ್ಕೆ ವಾರವೊಂದೇ ಕಾರಣವಲ್ಲ. ಆ ಹೊತ್ತಿಗೆ ಸ್ಟ್ರೀಮ್‌ಗಳೂ (ಕೊಳ್ಳದೆ ಅಂತರ್ಜಾಲದಲ್ಲಿ ಹಾಡು ಕೇಳಿದ ಸಲಗಳು) ಲೆಕ್ಕಕ್ಕೆ ಸೇರಿದ್ದವು, ಒಮ್ಮೆ ಕೊಂಡು ಸುಮ್ಮನಾಗುವ ಅಭಿಮಾನಿಗಿಂತ ಪದೇಪದೇ ಕೇಳುವವರ ತೂಕ ಹೆಚ್ಚಿತ್ತು.

ಈಗಿನ ಆಲ್ಬಂ ಲೆಕ್ಕ ಹೇಗೆಂದು ಒಂದು ಕಾಲ್ಪನಿಕ ಆಲ್ಬಂ ಇಟ್ಟುಕೊಂಡು ನೋಡೋಣ. ಬಿಲ್‌ಬೋರ್ಡ್ 2014ರ ಡಿಸೆಂಬರ್‌ನಿಂದ ‘ಸಮಾನ ಘಟಕ’ಗಳನ್ನು ಎಣಿಸುತ್ತದೆ. ಆಲ್ಬಂನ 10 ಬಿಡಿ ಹಾಡು ಡೌನ್‌ಲೋಡ್ ಆದರೆ ಒಂದು ಆಲ್ಬಂ. 2018ರಲ್ಲಿ ಬಂದ ಪ್ರಮಾಣದಂತೆ, ಚಂದಾದಾರರ 1,250 ಸ್ಟ್ರೀಮ್‌ಗೆ ಒಂದು ಆಲ್ಬಂ, ಜಾಹೀರಾತು ಸಹಿತ ಉಚಿತ ಸ್ಟ್ರೀಮ್ ಆದರೆ 3,750ಕ್ಕೆ ಒಂದು. ಆಲ್ಬಂ ಆಗಿಯೇ ಮಾರಿದ್ದು 20,000 ಪ್ರತಿ ಎನ್ನಿ. ಬಿಡಿ ಡೌನ್‌ಲೋಡ್ 60,000, ಅಂದರೆ 6,000 ಘಟಕ. ಚಂದಾ ಸ್ಟ್ರೀಮ್ 1.25 ಕೋಟಿ, ಅಂದರೆ 10,000. ಉಚಿತ ಸ್ಟ್ರೀಮ್ 75 ಲಕ್ಷ, ಅಂದರೆ 2,000. ಒಟ್ಟು 38,000 ಘಟಕ. ಸುದ್ದಿಯಲ್ಲಿ ಇದು ‘38,000 ಪ್ರತಿ ಮಾರಾಟ’ ಎಂದಾಗುತ್ತದೆ. ಪ್ರತಿ ಮಾರಿದ್ದು 20,000 ಮಾತ್ರ. 2014ರಲ್ಲಿ ಎಲ್ಲ ಸ್ಟ್ರೀಮ್‌ಗೂ 1,500ಕ್ಕೆ ಒಂದು ಎಂಬ ಒಂದೇ ದರವಿತ್ತು. ಆ ದರದಲ್ಲಿ ಇದೇ ಆಲ್ಬಂ 39,300ರ ಆಸುಪಾಸಿಗೆ ಬರುತ್ತದೆ. 2018ರ ದರವನ್ನೂ ಮುಂದೆ ತಿದ್ದಿದ್ದಾರೆ. ಆದ್ದರಿಂದ 2003ರ ವಿಜೇತ ರೂಬೆನ್ ಸ್ಟಡಾರ್ಡ್ ಮೊದಲ ವಾರ ಮಾರಿದ 4,17,000 ಸಿಡಿಗಳನ್ನು ಇಂದಿನ ವಿಜೇತರ ಘಟಕಗಳ ಪಕ್ಕದಲ್ಲಿಟ್ಟು ‘ಇಳಿಮುಖ’ ಎಂದು ಬರೆಯುವುದಕ್ಕೆ ಆಧಾರವಿಲ್ಲ. (ಅದೇ ಆವೃತ್ತಿಯಲ್ಲಿ ಎರಡನೆಯವರಾದ ಕ್ಲೇ ಏಕನ್ ಮೊದಲ ವಾರ 6,13,000 ಮಾರಿದ್ದರು.)

ಆಲ್ಬಂನಲ್ಲಿ ಸೇರಿರುವ ಹಾಡಿನ ಸ್ಟ್ರೀಮ್ ಮಾತ್ರ ಆಲ್ಬಂನ ಲೆಕ್ಕಕ್ಕೆ ಬರುತ್ತದೆ. ವೇದಿಕೆಯಲ್ಲಿ ಹಾಡಿ ಜನಪ್ರಿಯವಾದ ಹಾಡು ಆಲ್ಬಂನಲ್ಲಿ ಇಲ್ಲದಿದ್ದರೆ ಆ ಕೋಟಿ ಸ್ಟ್ರೀಮ್‌ಗಳಿಂದ ಆಲ್ಬಂಗೆ ನಯಾಪೈಸೆ ಲಾಭವಿಲ್ಲ. ಬ್ರಿಟನ್‌ನಲ್ಲಿ ಇನ್ನೊಂದು ಎಚ್ಚರವಿದೆ: ಆಲ್ಬಂನ ಅತಿ ಹೆಚ್ಚು ಸ್ಟ್ರೀಮ್ ಆದ ಎರಡು ಹಾಡುಗಳ ಲೆಕ್ಕವನ್ನು ಉಳಿದ ಹಾಡುಗಳ ಸರಾಸರಿಗೆ ಇಳಿಸುತ್ತಾರೆ. ಒಂದೇ ಹಾಡಿನ ಬಲದಲ್ಲಿ ಇಡೀ ಆಲ್ಬಂ ತೇಲಬಾರದು ಎಂಬ ಕಾರಣಕ್ಕೆ.

ವಿಜೇತರ ಆಲ್ಬಂ ನಿಂತಿತೇ ಎಂದು ತಿಳಿಯಲು ನಾನು ಮೊದಲು ನೋಡುವುದು ಎರಡನೇ ವಾರವನ್ನು. ಅಭಿಮಾನಿಗಳ ಬಲದ ಆಲ್ಬಂ ಅರ್ಧಕ್ಕಿಂತ ಕೆಳಗೆ ಬೀಳುವುದು ಸಾಮಾನ್ಯ. ಡಿಸೆಂಬರ್‌ನಲ್ಲಿ ಬಂದ ಆಲ್ಬಂಗೆ ಈ ಪರೀಕ್ಷೆ ನಡೆಯದು. ಉಡುಗೊರೆಗೆ ಕೊಳ್ಳುವವರು ಎರಡನೇ ವಾರವನ್ನೂ ಎತ್ತಿ ಹಿಡಿಯುತ್ತಾರೆ. ಅಂಥಲ್ಲಿ ಜನವರಿಯ ಎರಡನೇ ವಾರಕ್ಕೆ ಕಾಯಬೇಕು. ಆಮೇಲೆ ಒಂದು ವರ್ಷದ ಒಟ್ಟು ಮಾರಾಟ ಮತ್ತು ಎರಡನೇ ಆಲ್ಬಂನ ಮೊದಲ ವಾರ. ಇಷ್ಟು ಸಿಕ್ಕಿದರೆ ಸ್ಥಾನ, ಪ್ರಮಾಣಪತ್ರ ಎರಡೂ ಇಲ್ಲದೆಯೂ ಚಿತ್ರ ಸಿಗುತ್ತದೆ.

ಕನ್ನಡಕ್ಕೆ ಬಂದರೆ, ‘ಸರಿಗಮಪ’ ಅಥವಾ ‘ಎದೆ ತುಂಬಿ ಹಾಡುವೆನು’ ವೇದಿಕೆಯಿಂದ ಬಂದವರಿಗೆ ಸಾಮಾನ್ಯವಾಗಿ ಸಿಗುವುದು ಸಿನಿಮಾ ಹಾಡು. ಅವರ ಹೆಸರಿನ ಆಲ್ಬಂ ಅಲ್ಲ. ಹೀಗಾಗಿ ಸುದ್ದಿಗೆ ಸಿಗುವ ಒಂದೇ ಅಂಕಿ ಯೂಟ್ಯೂಬ್ ವೀಕ್ಷಣೆ. ಅದರಲ್ಲಿ ನಾಯಕನಟರ ಅಭಿಮಾನಿಗಳು, ಆಡಿಯೊ ಕಂಪನಿಯ ಚಾನೆಲ್‌ನ ಚಂದಾದಾರರು, ಜಾಹೀರಾತಾಗಿ ತೋರಿಸಿದ ವೀಕ್ಷಣೆ ಎಲ್ಲವೂ ಸೇರಿರಬಹುದು. 2019ರ ಜುಲೈನಲ್ಲಿ ಭಾರತದ ಒಂದು ಹಾಡು 24 ಗಂಟೆಗಳಲ್ಲಿ 7.5 ಕೋಟಿ ವೀಕ್ಷಣೆ ಪಡೆಯಿತು. ಅದರಲ್ಲಿ ದುಡ್ಡು ಕೊಟ್ಟ ಜಾಹೀರಾತಿನ ಪಾಲೂ ಇತ್ತೆಂಬ ಚರ್ಚೆಯಾಗಿ, ಅದೇ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ 24 ಗಂಟೆಯ ದಾಖಲೆಗೆ ಜಾಹೀರಾತು ವೀಕ್ಷಣೆಗಳನ್ನು ಪರಿಗಣಿಸುವುದಿಲ್ಲ ಎಂದು ಪ್ರಕಟಿಸಿತು. ಆದರೆ ವಿಡಿಯೊದ ಕೆಳಗೆ ಕಾಣುವ ಒಟ್ಟು ಸಂಖ್ಯೆ ಬೇರೆ, ದಾಖಲೆಗೆ ಪರಿಗಣಿಸುವ ಸಂಖ್ಯೆ ಬೇರೆ.

ನಿಮ್ಮ ವರದಿಗಾರರಲ್ಲಿ ನನ್ನ ವಿನಂತಿ ಇಷ್ಟೇ. ಪ್ರಚಾರದವರು ಅಂಕಿ ಕಳಿಸಿದಾಗ ಎಣಿಸಿದವರು ಯಾರು, ಯಾವ ದಿನದಿಂದ ಯಾವ ದಿನದವರೆಗೆ, ರವಾನೆಯೋ ಮಾರಾಟವೋ ಘಟಕವೋ, ವೀಕ್ಷಣೆಯಾದರೆ ಯಾರ ಚಾನೆಲ್‌ನದು ಮತ್ತು ಜಾಹೀರಾತು ಸೇರಿದೆಯೇ ಎಂದು ಕೇಳಲಿ. ಉತ್ತರ ಸಿಕ್ಕಿದರೆ ಅಂಕಿಯ ಪಕ್ಕದಲ್ಲೇ ಅಚ್ಚಾಗಲಿ. ಉತ್ತರ ಬಾರದಿದ್ದರೆ ಅಂಕಿಯನ್ನು ಬಿಟ್ಟು, ಹಾಡು ಹೇಗಿದೆ ಎಂದು ಬರೆಯಲಿ.

ಇಂತಿ,
ಓದುಗ, ಮೈಸೂರು